ಮೂರು ಮನೆ ಕೆಳಗೆ

ಫೆಬ್ರವರಿ ೯

ಪ್ರೀತಿಯ ಗೂಬೆಗೆ,

ನೀನು ಊರು ಬಿಟ್ಟ ದಿನ ಬಸ್ಸಿನ ಕಿಟಕಿಗೆ ಬಾಯಿ ಹಚ್ಚಿ 'ನೀನು ತಲುಪಿದ ವಾರದೊಳಗೆ ಕಾಗದ ಹಾಕ್ತೀನಿ' ಅಂದವಳು ನಾನೇ. ಈಗ ನಾಲ್ಕು ತಿಂಗಳಾಯಿತು. ತಪ್ಪಾಯಿತು, ಮಾರಾಯ. ಫೋನು ಇದೆಯಲ್ಲ ಅಂತ ನಿನ್ನ ಹೆಂಡತಿ ಕೇಳಬಹುದು. ಫೋನಿನಲ್ಲಿ ನೀನು 'ಹ್ಞೂಂ ಅಕ್ಕ', 'ಊಹ್ಞೂಂ ಅಕ್ಕ' ಎರಡನ್ನೇ ತಿರುಗಿಸಿ ಮುರುಗಿಸಿ ಖರ್ಚು ಮಾಡುತ್ತೀಯ. ಕಾಗದವಾದರೆ ನೀನೂ ಎರಡು ಸಾಲು ಬರೆಯಲೇಬೇಕು. ಅದಕ್ಕೇ ಈ ದಾರಿ ಹಿಡಿದೆ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯೋಣ ಅಂದುಕೊಂಡೆ. ಎಲ್ಲರೂ ಅಂದರೆ ನಾನೊಬ್ಬಳೇ. ಆ ಒಬ್ಬಳೂ ಅಷ್ಟೇನೂ ಕ್ಷೇಮವಿಲ್ಲ. ಈ ಒಂದು ಪುಟ ಬರೆಯುವಷ್ಟರಲ್ಲಿ ಎದ್ದು ಕಿಟಕಿ ಹತ್ತಿರ ಹೋದೆ, ಡಿಪೋದಲ್ಲಿ ಬಸ್ಸು ತೊಳೆಯುವುದನ್ನು ನೋಡಿದೆ, ವಾಪಸು ಬಂದೆ, ಒಲೆ ಆರಿಸಿದೆನೋ ಇಲ್ಲವೋ ಅಂತ ಮತ್ತೆ ಎದ್ದೆ. ಒಲೆ ಹಚ್ಚಿಯೇ ಇರಲಿಲ್ಲ.

ನಿನ್ನ ಬೆನ್ನು ಹೇಗಿದೆ? ನಿನ್ನ ಹೆಂಡತಿ ಹೇಳುತ್ತಿದ್ದಳು, ನೀನು ವಾದ್ಯ ರಿಪೇರಿ ಅಂಗಡಿಗೆ ದಿನಾ ಸೈಕಲ್ ತುಳಿದುಕೊಂಡು ಹೋಗುತ್ತೀಯಂತೆ. ಬೇಸ್ ಗಿಟಾರು ಹೊರಲಾರದ ಬೆನ್ನು ಏರು ದಾರಿಯಲ್ಲಿ ಸೈಕಲ್ ತುಳಿಯುತ್ತದೆ ಅನ್ನುವ ಲೆಕ್ಕ ನನಗೆ ತಾಳೆಯಾಗಲಿಲ್ಲ. ಇರಲಿ, ಅನುಮಾನಪಡಲು ಈಗ ಪುರುಸೊತ್ತಿಲ್ಲ.

ಕಾರ್ಯಕ್ರಮದ ವಿಷಯ ನಿನಗೆ ಗೊತ್ತೇ ಇದೆ. ಮಾರ್ಚ್ ೨೦, ನದಿ ಪಕ್ಕದ ದೊಡ್ಡ ಸಭಾಂಗಣ. ನಮ್ಮ ಮೊದಲ ಕ್ಯಾಸೆಟ್ಟಿಗೆ ಮೂವತ್ತೈದು ವರ್ಷ. ಅಡಿಗೆಮನೆ ಮೇಜಿನ ಮೇಲೆ ಎರಡು ಟೇಪ್‌ರೆಕಾರ್ಡರ್ ಇಟ್ಟು ನಾನು ಒಂದೊಂದಾಗಿ ಕಾಪಿ ಮಾಡಿದ್ದು, ನೀನು ಅಮ್ಮನ ಕತ್ತರಿ ಕದ್ದು ಹೊದಿಕೆ ಕಾಗದ ಕತ್ತರಿಸಿದ್ದು, ಅಮ್ಮ ಬಾಗಿಲಲ್ಲಿ ನಿಂತು 'ಹಾಡ್ತೀನಿ ಅಂತ ಹೋದೋಳು ಕಿರುಚ್ಕೊಂಡು ಬಂದ್ಳು, ಅದನ್ನ ಬೇರೆ ಡಬ್ಬಿಗೆ ತುಂಬ್ತಿದಾಳೆ' ಅಂದಿದ್ದು. ಕಂಪನಿಯವರು ಬಂದಾಗ ಕಾಫಿ ಕೊಟ್ಟು ಕಳಿಸಿದೆವು. ಪದ ಬದಲಿಸಿ ಅಂದರು, ಡ್ರಮ್ಮು ಕಡಿಮೆ ಮಾಡಿ ಅಂದರು, ಕೂದಲು ಬಿಡಿ ಅಂದರು. ಕೊಟ್ಟ ಕಾಫಿಯೇ ದಂಡ. ಅಂದಿನಿಂದ ಇಂದಿನವರೆಗೆ ನನ್ನ ಹಾಡಿಗೆ ನಾನೇ ಧಣಿ, ನಾನೇ ಆಳು. ವ್ಯಾನಿನ ಟೈರು ಬಿಚ್ಚುವವಳೂ ನಾನೇ, ಸಭಾಂಗಣದವರ ಜೊತೆ ಜಗಳ ಆಡುವವಳೂ ನಾನೇ, ಕೊನೆಗೆ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂತು ಕ್ಯಾಸೆಟ್ಟು ಮಾರುವವಳೂ ನಾನೇ. ಒಂದೇ ಒಂದು ಕೆಲಸ ನಾನು ಕಲಿಯಲಿಲ್ಲ: ಗಿಟಾರಿಗೆ ಶ್ರುತಿ ಕೂಡಿಸುವುದು. ಅದು ನಿನ್ನದು. ಅಡಿಗೆ ಬಾರದ ಗಂಡಸು ತಟ್ಟೆಯ ಮುಂದೆ ಕೂರುವ ಹಾಗೆ ನಾನು ಕೈ ಚಾಚುತ್ತಿದ್ದೆ, ನೀನು ಗಿಟಾರು ಇಡುತ್ತಿದ್ದೆ.

ಈ ಸಲ ಕಾರ್ಯಕ್ರಮ ಶುರು ಮಾಡುವ ಬಗೆ, ಆ ಶುರುವಾತು, ನನ್ನ ತಲೆಯಲ್ಲೇ ಹುಟ್ಟಿದ್ದು, ಅದು ನಿನಗೂ ಗೊತ್ತು. ನೀನು ಹೋಗುವುದಕ್ಕೆ ಎರಡು ವಾರ ಮೊದಲು, ವ್ಯಾನಿನಲ್ಲಿ ಹೇಳಿದ್ದೆ. ಸಭಾಂಗಣದಲ್ಲಿ ಪೂರ್ತಿ ಕತ್ತಲೆ. ಮೊದಲ ಕ್ಯಾಸೆಟ್ಟಿನ 'ಇಸ್ತ್ರಿ ಹಾಕಿದ ಊರು' ಒಂದು ಚರಣ ಹಳೆಯ ರೆಕಾರ್ಡಿನಲ್ಲೇ ಕೇಳುತ್ತದೆ. ಇಪ್ಪತ್ತೈದರ ನಾನು. ಎರಡನೇ ಚರಣಕ್ಕೆ ಬರುವಾಗ ರೆಕಾರ್ಡಿನ ಸದ್ದು ಇಳಿಯುತ್ತದೆ, ನಮ್ಮ ಸದ್ದು ಏರುತ್ತದೆ, ದೀಪ ಹತ್ತುತ್ತದೆ. ಅರವತ್ತರ ನಾನು. ನಡುವೆ ಕೂದಲೆಳೆಯಷ್ಟೂ ಬಿರುಕು ಇಲ್ಲ. ಪೋಸ್ಟರಿನಲ್ಲೂ ಹಾಕಿಸಿಯಾಗಿದೆ: 'ಮೂವತ್ತೈದು ವರ್ಷ. ಅದೇ ದನಿ. ಅದೇ ಶ್ರುತಿ.' ರೇಡಿಯೋದವರು ಅದನ್ನೇ ನೇರವಾಗಿ ಬಿತ್ತರಿಸುತ್ತಾರೆ. ನೀನು ಆಗ 'ಹ್ಞೂಂ' ಅಂತಲೂ ಅನ್ನಲಿಲ್ಲ, ಕಿಟಕಿ ಕಡೆ ನೋಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ದನಿ ಹೋಗಿದೆ.

ಪೂರ್ತಿ ಹೋಗಿಲ್ಲ. ಅದೇ ತಮಾಷೆ. ಮನೆಯಲ್ಲಿ ಹಳೇ ಗಿಟಾರು ಹಿಡಿದು ಹಾಡಿದರೆ ಬರುತ್ತದೆ, ಎಲ್ಲವೂ ಬರುತ್ತದೆ. ಟೈರ್ ಅಂಗಡಿಯ ಮೇಲಿನ ರಿಹರ್ಸಲ್ ಕೋಣೆಗೆ ಹೋಗಿ ನಿಂತರೆ ಪಲ್ಲವಿಯ ಮೇಲಿನ ಸ್ವರದ ಜಾಗದಲ್ಲಿ ಒಡೆದ ಕೊಳಲಿನ ಹಾಗೆ ಗಾಳಿ ಮಾತ್ರ ಬರುತ್ತದೆ. ಮನೆಯಲ್ಲಿ ಹುಲಿ, ಅಲ್ಲಿ ಬೆಕ್ಕು. ಮೊದಲು ಕೋಣೆಯ ಜಮಖಾನದ ಧೂಳು ಅಂದುಕೊಂಡು ಅದನ್ನು ತೆಗೆಸಿದೆ. ಆಮೇಲೆ ಟೈರಿನ ವಾಸನೆ ಅಂದುಕೊಂಡೆ. ಸಾಹುಕಾರ (ಇನ್ನೂ ಅವನದೇ ಡ್ರಮ್ಮು, ಇನ್ನೂ ಅವನ ಚಹಾದ ದುಡ್ಡು ಬೇರೆಯವರದೇ) ನೆಲ ನೋಡಿಕೊಂಡು 'ವಯಸ್ಸಾಯ್ತಲ್ಲ ಅಕ್ಕ' ಅಂದ. 'ನಿಂಗೂ ಆಯ್ತು, ನಿನ್ ಕೋಲು ಮುರೀತಾ?' ಅಂತ ಕೇಳಿದೆ.

ನಿನ್ನ ಜಾಗಕ್ಕೆ ಬಂದವಳು ಶಾಲೆಯಲ್ಲಿ ಲೆಕ್ಕದ ಟೀಚರು. ಮೂವತ್ತು ದಾಟಿದವಳು, ಕೈ ಚುರುಕು, ಮಾತು ನೆಟ್ಟಗೆ. ನಮ್ಮ ಹಾಡುಗಳನ್ನೆಲ್ಲ ಹಳೆ ರೆಕಾರ್ಡು ಕೇಳಿಯೇ ಕಲಿತು ಬಂದಿದ್ದಾಳೆ. ಅವಳ ಮೇಲೆ ನನಗೆ ದೂರಿಲ್ಲ, ನೀನಲ್ಲ ಅನ್ನುವುದೊಂದು ಬಿಟ್ಟರೆ.

ಗಂಟಲು ಡಾಕ್ಟರ ಹತ್ತಿರವೂ ಹೋದೆ. ಮೂಗಿನಿಂದ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ನನ್ನ ಗಂಟಲನ್ನೇ ನನಗೆ ತೋರಿಸಿದರು. ಅಷ್ಟು ವರ್ಷ ದುಡಿದವಳನ್ನು ಮೊದಲ ಸಲ ನೋಡಿದ ಹಾಗಾಯಿತು. ಗಾಯವಿಲ್ಲ, ಗಂಟಿಲ್ಲ ಅಂದರು. 'ಯಾವಾಗಿಂದ ಹೀಗೆ?' ಅಂದರು. 'ಮೂರು ವಾರದಿಂದ' ಅಂದೆ. ನಕ್ಕರು. 'ಮೂರು ವಾರದಲ್ಲಿ ಹೀಗಾಗಲ್ಲಮ್ಮ. ಇದು ಹತ್ತು-ಹದಿನೈದು ವರ್ಷದಲ್ಲಿ ನಿಧಾನಕ್ಕೆ ಆಗಿರೋದು. ನಿಮಗೆ ಗೊತ್ತಾಗಲಿಲ್ವಾ?' ಅಂದರು. ಗೊತ್ತಾಗುವುದು ಎಲ್ಲಿಂದ ಬಂತು, ಕಳೆದ ದಸರೆಯವರೆಗೂ ಗಂಟೆ ಬಾರಿಸಿದ ಹಾಗೆ ಹಾಡುತ್ತಿದ್ದೆನಲ್ಲ. ಡಾಕ್ಟರೇ ದಡ್ಡ ಅಂತ ತೀರ್ಮಾನಿಸಿ ಮನೆಗೆ ಬಂದೆ.

ಈಗ ಕೇಳುವುದು ಇಷ್ಟೇ. ನೀನು ಬಾ. ಇದೊಂದು ಕಾರ್ಯಕ್ರಮಕ್ಕೆ. ನೀನು ನನ್ನ ಎಡಗಡೆ ನಿಂತರೆ ದನಿ ತಾನೇ ಬರುತ್ತದೆ ಅಂತ ನನಗೆ ಅನ್ನಿಸುತ್ತಿದೆ. ಮೂಢನಂಬಿಕೆ ಅನ್ನು ಬೇಕಾದರೆ. ಬೆನ್ನು ನೋವಾದರೆ ಸ್ಟೂಲು ಹಾಕಿಸುತ್ತೇನೆ, ಮೆತ್ತೆ ಹಾಕಿಸುತ್ತೇನೆ. ನಾಲ್ಕು ಜನ ಹೊತ್ತು ತರಲಿ ಅಂದರೆ ಅದಕ್ಕೂ ಜನ ಮಾಡುತ್ತೇನೆ. ನೀನು ಬರದಿದ್ದರೆ ಆ ಕತ್ತಲೆಯಲ್ಲಿ ಇಪ್ಪತ್ತೈದರ ಹುಡುಗಿ ಹಾಡಿ ಮುಗಿಸಿದ ಮೇಲೆ, ದೀಪದಡಿ ಬಾಯಿ ತೆರೆದು ನಿಂತ ಮುದುಕಿಯನ್ನು ಊರೆಲ್ಲ ನೋಡುತ್ತದೆ.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ನಿನ್ನ ಬೆರಳು, ನಿನ್ನ ಕಿವಿ, ನಿಜವಾಗಿಯೂ ನೋಯುತ್ತಿದ್ದರೆ ನಿನ್ನ ಬೆನ್ನು, ಮೂರೂ ಚೆನ್ನಾಗಿರಲಿ.

ನಿನ್ನ
ಅಕ್ಕ

ಮತ್ತೆ: ನೀನು ನನ್ನ ವೇದಿಕೆಯ ಗಿಟಾರಿಗೆ ಹಾಕುತ್ತಿದ್ದ ದಪ್ಪ ತಂತಿ ಯಾವ ಅಂಗಡಿಯದು? ಇಲ್ಲಿಯವನು ತೆಳ್ಳನೆಯದು ಹಾಕಿಕೊಟ್ಟಿದ್ದಾನೆ, ಬೆರಳಿಗೆ ಯಾರದೋ ಗಿಟಾರು ಹಿಡಿದ ಹಾಗಿದೆ.

*

ಫೆಬ್ರವರಿ ೨೬

ಗೂಬೆ,

'ಪ್ರೀತಿಯ' ಅನ್ನುವುದನ್ನು ಈ ಸಲ ತಡೆಹಿಡಿದಿದ್ದೇನೆ. ಯಾಕೆ ಅಂತ ನಿನಗೆ ಗೊತ್ತು. ಗೊತ್ತಿಲ್ಲದಿದ್ದರೆ ಓದು.

ನಿನ್ನ ಉತ್ತರ ಬಂತು. ನಾನು ನಾಲ್ಕು ಪುಟ ಬರೆದರೆ ನಿನ್ನದು ಮೂರು ಸಾಲು. 'ಅಕ್ಕ, ನಿನ್ನ ಗಂಟಲಿಗೆ ಏನೂ ಆಗಿಲ್ಲ. ಗಿಟಾರಿಗೆ ಹಳೆ ದಪ್ಪ ತಂತಿಯನ್ನೇ ಹಾಕಿಸು, ಟೀಚರ್ ನಂಬರ್ ಕೊಡು, ನಾನು ಅವರ ಹತ್ತಿರ ಮಾತಾಡ್ತೀನಿ. ಆ ಶುರುವಾತು ಬಿಟ್ಟುಬಿಡು.' ಬರುತ್ತೀಯೋ ಇಲ್ಲವೋ ಅದರ ಮಾತೇ ಇಲ್ಲ. ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗದೆಯೇ ಹೆಗಲು ಒರೆಸಿಕೊಂಡೆ ನೀನು. ನಿನ್ನ ಕಾಗದ ನನ್ನ ಕೈ ಸೇರುವ ಹೊತ್ತಿಗೆ ಆ ಕಾಯಿ ನನ್ನ ಮನೆಯ ನಡುವೆಯೇ ಇತ್ತು.

ಟೀಚರು ಮನೆಗೆ ಬಂದಿದ್ದಳು, ಶನಿವಾರ ಮಧ್ಯಾಹ್ನ. ಹಳೇ ರೆಕಾರ್ಡು ಹಚ್ಚಿ ಜೊತೆಗೆ ನುಡಿಸಿ ನೋಡೋಣ ಅಂದಳು. ನನಗೆ ಹಳೇ ರೆಕಾರ್ಡು ಕೇಳುವುದು ಬಿಟ್ಟುಹೋದ ಗಂಡನ ಫೋಟೋ ನೋಡಿದ ಹಾಗೆ. ಎಷ್ಟೋ ವರ್ಷದಿಂದ ಕೇಳಿಲ್ಲ, ನೀನೂ ಕೇಳಿಸಲಿಲ್ಲ. ಬೇಡವೆಂದರೂ ಹಚ್ಚಿದಳು. ಗೋಡೆಗೆ ಒರಗಿಸಿಟ್ಟಿದ್ದ ನನ್ನ ಹಳೆ ಗಿಟಾರು ಎತ್ತಿಕೊಂಡಳು, ನೀನು ಹೋಗುವಾಗ ಶ್ರುತಿ ಕೂಡಿಸಿಟ್ಟಿದ್ದೆಯಲ್ಲ, ಅದೇ. ಒಂದು ಸಲ ಮೀಟಿದಳು, ನಿಲ್ಲಿಸಿದಳು. ರೆಕಾರ್ಡು ನಿಲ್ಲಿಸಿದಳು. ಮತ್ತೆ ಹಚ್ಚಿದಳು. ಮಗ್ಗಿ ತಪ್ಪು ಹೇಳಿದ ಮಗುವನ್ನು ನೋಡುವ ಹಾಗೆ ಗಿಟಾರನ್ನು ನೋಡಿದಳು.

'ಮೇಡಂ, ಇದು ಮೂರು ಮನೆ ಕೆಳಗಿದೆ' ಅಂದಳು.

'ಚಳಿಗೆ ತಂತಿ ಸಡಿಲ ಆಗಿರುತ್ತೆ' ಅಂದೆ.

'ಸಡಿಲ ಆದ್ರೆ ಒಂದೊಂದು ತಂತಿ ಒಂದೊಂದು ಥರ ಆಗುತ್ತೆ. ಇದು ಆರೂ ಸಮ ಇಳಿದಿದೆ. ಯಾರೋ ಕೂತ್ಕೊಂಡು ಇಳಿಸಿದಾರೆ.' ಆಮೇಲೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಡ್ಡಿಗಳ ನಡುವಿನ ಮನೆಗಳನ್ನು ಬೆರಳಿಟ್ಟು ತೋರಿಸಿದಳು. ಮೂರನೇ ಮನೆಯಲ್ಲಿ ಒತ್ತಿ ಹಿಡಿದು ನುಡಿಸಿದಳು. ರೆಕಾರ್ಡಿನ ಹುಡುಗಿಗೂ ಗಿಟಾರಿಗೂ ಸರಿಹೋಯಿತು. 'ನೀವು ರಿಹರ್ಸಲ್‌ನಲ್ಲಿ ಹಾಡೋಕೆ ಕಷ್ಟಪಡ್ತಿರೋದು ನಿಮ್ಮದೇ ಹಳೆ ಶ್ರುತಿ, ಮೇಡಂ. ನಾನು ರೆಕಾರ್ಡು ನೋಡ್ಕೊಂಡು ಎಲ್ಲಾ ಅದಕ್ಕೇ ಕೂಡಿಸಿದೀನಿ. ಇಷ್ಟು ವರ್ಷ ನೀವು ಹಾಡ್ತಿದ್ದಿದ್ದು ಈ ಶ್ರುತಿಗೆ ಇರಬೇಕು.'

ನಾನು ಅವಳಿಗೆ ಕಾಫಿ ಮಾಡಲು ಎದ್ದೆ. ಎರಡು ಸಲ ಮಾಡಿದೆ, ಮೊದಲನೆಯದು ಎಲ್ಲಿ ಇಟ್ಟೆನೋ ಸಿಗಲಿಲ್ಲ.

ಅವಳು ಹೋದ ಕೂಡಲೇ ಸಾಹುಕಾರನ ಮನೆಗೆ ನಡೆದೇ ಹೋದೆ. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಬಾಗಿಲು ತೆರೆದವನು ನನ್ನ ಮುಖ ನೋಡಿ ಚಪ್ಪಲಿ ಹುಡುಕಿದ, ಅವನದೇ ಮನೆಯಿಂದ ಓಡಿಹೋಗಲು.

'ನಂಗೆ ಶ್ರುತಿ ಗಿತಿ ಏನ್ ಗೊತ್ತಕ್ಕ? ನಾನು ಡ್ರಮ್ಮು' ಅಂದ.

'ಡ್ರಮ್ಮಿಗೆ ಕಿವಿ ಇಲ್ವಾ?'

'ಇದೆ. ಬಾಯಿ ಇಲ್ಲ.'

ಅವನ ಹೆಂಡತಿ ಒಳಗಿನಿಂದ, 'ಹೇಳ್ಬಿಡ್ರೀ, ಹದಿನೈದು ವರ್ಷದಿಂದ ಒಂದು ಗುಟ್ಟು ಮುಚ್ಚಿಟ್ಕೊಂಡು ನಿಮಗೂ ಅಜೀರ್ಣ, ನಮಗೂ ಅಜೀರ್ಣ' ಅಂದಳು. ಅವಳಿಗೂ ಗೊತ್ತು. ಮೇಜಿನ ಹತ್ತಿರ ನನ್ನ ಜೊತೆ ಕೂತು ಕ್ಯಾಸೆಟ್ಟಿನ ಚಿಲ್ಲರೆ ಕೊಡುತ್ತಿದ್ದವಳು.

ಹೇಳಿದ. ನನಗೆ ಆ ದೊಡ್ಡ ಜ್ವರ ಬಂದು ಎದ್ದ ವರ್ಷ, ಕಾಲೇಜು ಮೈದಾನದಲ್ಲಿ ಪಲ್ಲವಿ ಒಡೆಯಿತಲ್ಲ, ಅವತ್ತು ವ್ಯಾನಿನ ಹಿಂದೆ ಕೂತು ನಾನು ಇನ್ನು ಹಾಡುವುದಿಲ್ಲ ಅಂತ ಅತ್ತೆನಂತೆ. ನನಗೆ ಅಷ್ಟು ನೆನಪಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ನೀನು ಅರ್ಧ ಸ್ವರ ಇಳಿಸಿದೆ, ಅಂದರೆ ಒಂದು ಮನೆ. ತಂತಿ ಸಡಿಲವಾಗಿ ನನಗೆ ಗೊತ್ತಾಗಬಾರದು ಅಂತ ದಪ್ಪ ತಂತಿ ಹಾಕಿದೆ. 'ಸದ್ದು ತುಂಬಿ ಬರುತ್ತೆ ಅಕ್ಕ' ಅಂದಿದ್ದೆ, ನಾನು ಊರಿಗೆಲ್ಲ ಹೇಳಿಕೊಂಡು ಬಂದೆ, ನನ್ನ ತಮ್ಮನಿಗೆ ಸದ್ದಿನ ಬಗ್ಗೆ ಎಂಥ ಜ್ಞಾನ ಅಂತ. ಕೆಲವು ವರ್ಷ ಬಿಟ್ಟು ಇನ್ನೊಂದು ಮನೆ. ಆಮೇಲೆ ಇನ್ನೊಂದು. ಪ್ರತಿ ಸಲವೂ ಇನ್ನಷ್ಟು ದಪ್ಪ ತಂತಿ. ಮನೆಯ ಗಿಟಾರಿಗೂ ಅದೇ ಉಪಚಾರ.

ಹದಿನೈದು ವರ್ಷ ನಾನು ಸಂದರ್ಶನ ಕೊಟ್ಟಿದ್ದೇನೆ, ಗೂಬೆ. ಕಾಲ ಮೇಲೆ ಕಾಲು ಹಾಕಿ ಕೂತು, 'ನನ್ನ ಜೊತೆಯವರೆಲ್ಲ ಶ್ರುತಿ ಇಳಿಸಿಕೊಂಡರು, ನಾನು ಮಾತ್ರ ಕೂದಲಷ್ಟೂ ಇಳಿಸಿಲ್ಲ' ಅಂತ. ನೀನು ಪಕ್ಕದಲ್ಲೇ ಕೂತಿರುತ್ತಿದ್ದೆ. ಎರಡು ಸಲ ನೀನು ಕೆಮ್ಮಿದ್ದು ನೆನಪಿದೆ. ನೀರು ತರಿಸಿಕೊಟ್ಟಿದ್ದೆ.

'ಹಾಗಾದ್ರೆ ಅವನು ಹೋಗಿದ್ಯಾಕೆ?' ಅಂತ ಸಾಹುಕಾರನನ್ನು ಕೇಳಿದೆ.

'ನೀನು ಆ ಶುರುವಾತು ಹೇಳಿದ್ಯಲ್ಲಕ್ಕ. ರೆಕಾರ್ಡಿಗೂ ನಿನಗೂ ಗಂಟು ಹಾಕಿದ ಮೇಲೆ ಇಳಿಸೋಕೆ ಜಾಗ ಎಲ್ಲಿದೆ? ಹೇಳು ಅಂದೆ ನಾನು. ಹೇಳಕ್ಕಾಗಲ್ಲ ಅಂದ. ನಿಲ್ಲು ಅಂದೆ. ನಿಂತ್ಕೊಂಡು ನೋಡಕ್ಕಾಗಲ್ಲ ಅಂದ. ಬೆನ್ನು ನೋವು ಅಂತ ಹೇಳ್ತೀನಿ ಅಂದ.'

ಸಾಹುಕಾರನಿಗೆ ಗೊತ್ತು, ಅವನ ಹೆಂಡತಿಗೆ ಗೊತ್ತು, ಬಹುಶಃ ದೀಪದವನಿಗೂ ಗೊತ್ತು. ನಡುವೆ ಬಂದು ಹೋದ ಇಬ್ಬರು ಕೀಬೋರ್ಡಿನವರಿಗೂ ಗೊತ್ತಿರಬೇಕು. ಒಬ್ಬಳ ವಯಸ್ಸನ್ನು ಅವಳೊಬ್ಬಳಿಗೆ ಬಿಟ್ಟು ಎಲ್ಲರಿಗೂ ಹಂಚಿದ್ದೀಯ. ನಾನು ಲೆಕ್ಕದವಳು, ನಿನಗೆ ಗೊತ್ತು. ಯಾವ ಸಭಾಂಗಣದಲ್ಲಿ ಎಷ್ಟು ಕುರ್ಚಿ ಖಾಲಿ ಇತ್ತು ಅಂತ ಕತ್ತಲೆಯಲ್ಲೇ ಹೇಳುವವಳು. ಅಂಥವಳ ಕೊರಳಿನಿಂದ ಮೂರು ಮನೆ ಎಗರಿಸಿದ್ದೀಯ, ನನಗೆ ಸುಳಿವಿಲ್ಲ. ಕಳ್ಳ ಅನ್ನಲೇ, ಕಳ್ಳತನ ಮುಚ್ಚಿದ ಪೊಲೀಸು ಅನ್ನಲೇ? ಕದ್ದದ್ದು ಕಾಲ, ನೀನು ಬಾಗಿಲು ಒರಗಿಸಿ ನಿಂತೆ.

ಕೋಪ ಇದೆ. ದಿನಕ್ಕೆ ನಾಲ್ಕು ಸಲ ಬಂದು ಹೋಗುತ್ತದೆ. ಮಧ್ಯೆ ಮಧ್ಯೆ ನಗುವೂ ಬರುತ್ತದೆ, ನಕ್ಕದ್ದಕ್ಕೆ ಮತ್ತೆ ಕೋಪ ಬರುತ್ತದೆ. ಕೋಣೆಯಲ್ಲಿರುವ ಸಾಮಾನನ್ನೆಲ್ಲ ಜಾಗ ಬದಲಿಸಿದ್ದೇನೆ. ಮಂಚ ಈಗ ಕಿಟಕಿಯ ಹತ್ತಿರ, ಮೇಜು ಬಾಗಿಲಿಗೆ ಅಡ್ಡ. ನಾಳೆ ಮತ್ತೆ ಬದಲಿಸುತ್ತೇನೆ.

ಆದರೂ ಈ ಕಾಗದದ ತಿರುಳು ಹಿಂದಿನದೇ. ನೀನು ಬಾ. ಈಗ ಗುಟ್ಟು ಇಲ್ಲವಲ್ಲ, ಬೆನ್ನು ನೋವೂ ವಾಸಿಯಾಗಿರಬೇಕು. ಶುರುವಾತು ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಪೋಸ್ಟರು ಊರ ಗೋಡೆಯ ಮೇಲಿದೆ, ರೇಡಿಯೋದವರು ದಿನಕ್ಕೆರಡು ಸಲ ಸಾರುತ್ತಿದ್ದಾರೆ. ಹಳೆಯ ಶ್ರುತಿಗೆ ಹಾಡಿದರೆ ಒಡೆಯುತ್ತೇನೆ. ನಿನ್ನ ಶ್ರುತಿಗೆ ಹಾಡಿದರೆ ರೆಕಾರ್ಡು ಒಂದು ಕಡೆ, ನಾನೊಂದು ಕಡೆ, ಕಿವಿ ಇದ್ದವರೆಲ್ಲ ಹಲ್ಲು ಕಡಿಯುತ್ತಾರೆ. ಬಂದು ಎದುರಿಗೆ ನಿಂತು ಹೇಳು. ಬೈಯುತ್ತೇನೆ, ಆಮೇಲೆ ಊಟಕ್ಕೆ ಹಾಕುತ್ತೇನೆ.

ಕೋಪದಲ್ಲೂ ನಿನ್ನ ಒಳ್ಳೆಯದನ್ನೇ ಬಯಸುವ
ಅಕ್ಕ

ಮತ್ತೆ: ಅಮ್ಮನಿಗೆ ಗೊತ್ತಿತ್ತೇ? ಗೊತ್ತಿದ್ದರೂ ಇಲ್ಲ ಅಂತಲೇ ಬರೆ.

*

ಮಾರ್ಚ್ ೨೪

ಪ್ರೀತಿಯ ಗೂಬೆಗೆ,

ಉತ್ತರ ತಡವಾಯಿತು. ಕಾರ್ಯಕ್ರಮದ ಗಡಿಬಿಡಿ ಅಂದರೆ ನೆಪವಾಗುತ್ತದೆ. ನಿನ್ನ ಕಾಗದಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ, ಅದು ನಿಜ.

ಈ ಸಲ ನೀನು ಎರಡು ಪುಟ ಬರೆದಿದ್ದೆ. ನಿನ್ನ ಜೀವಮಾನದ ದಾಖಲೆ. ಬರುವುದಿಲ್ಲ ಅನ್ನುವುದಕ್ಕೆ ಒಂದು ಪುಟ, ಬದಲಿಗೆ ಏನು ಮಾಡಬಹುದು ಅನ್ನುವುದಕ್ಕೆ ಒಂದು ಪುಟ. 'ಅಕ್ಕ, ಕಂಪ್ಯೂಟರಿನಲ್ಲಿ ಹಳೆ ರೆಕಾರ್ಡನ್ನೇ ಮೂರು ಮನೆ ಇಳಿಸಬಹುದು. ವೇಗ ಬದಲಾಗಲ್ಲ. ಯಾರಿಗೂ ಗೊತ್ತಾಗಲ್ಲ. ನಾನೇ ಮಾಡಿ ಕಳಿಸ್ತೀನಿ.' ಕಳಿಸಿಯೂ ಬಿಟ್ಟೆ. ನೀನು ಎಂದೂ ಬದಲಾಗುವವನಲ್ಲ. ನನ್ನನ್ನು ಇಳಿಸಿ ಮುಗಿಯಿತು, ಈಗ ರೆಕಾರ್ಡಿನ ಹುಡುಗಿಯ ಸರದಿ.

ಕೇಳಿದೆ. ಟೀಚರು, ಸಾಹುಕಾರ, ನಾನು, ರಿಹರ್ಸಲ್ ಕೋಣೆಯಲ್ಲಿ ಕೂತು ಕೇಳಿದೆವು. ಅಚ್ಚುಕಟ್ಟು ಕೆಲಸ, ನಿನ್ನ ಕೈಯದು ಅಂತ ಗೊತ್ತಾಗುತ್ತದೆ. ಆದರೆ ಆ ಹುಡುಗಿ, ಗೂಬೆ. ಇಪ್ಪತ್ತೈದರಲ್ಲಿ ಅವಳು ಮೆಟ್ಟಿಲು ಎಗರಿಕೊಂಡು ಹೋಗುವ ಹಾಗೆ ಹಾಡುತ್ತಿದ್ದಳು, ಬಿದ್ದರೆ ಬೀಳಲಿ ಅನ್ನುವ ಹಾಗೆ. ಇಳಿಸಿದ ಮೇಲೆ ಜ್ವರ ಬಂದವಳ ಹಾಗೆ, ಯಾರದೋ ಭಾರದ ಕೋಟು ತೊಟ್ಟವಳ ಹಾಗೆ ಕೇಳಿಸಿದಳು. ಸಾಹುಕಾರ 'ಪರವಾಗಿಲ್ಲ ಅಕ್ಕ, ನಡೆಯುತ್ತೆ' ಅಂದ. ನಾನು ಆರಿಸು ಅಂದೆ. ನನಗೆ ನೀನು ಮಾಡಿದ್ದಕ್ಕಿಂತ ಅವಳಿಗೆ ಮಾಡಿದ್ದು ಜಾಸ್ತಿ ನೋವಾಯಿತು. ಅವಳು ಏನು ಪಾಪ ಮಾಡಿದ್ದಳು? ಅವಳಿಗೆ ಬರುತ್ತಿತ್ತು.

ಆವತ್ತೇ ನಿರ್ಧಾರವಾಯಿತು. ಅವಳು ಅವಳ ಶ್ರುತಿಗೆ ಹಾಡಲಿ, ನಾನು ನನ್ನದಕ್ಕೆ. ಗಿಟಾರುಗಳಿಗೆಲ್ಲ ದಪ್ಪ ತಂತಿ ಹಾಕಿಸಿದೆ. ಸಭಾಂಗಣದ ಮ್ಯಾನೇಜರು ತಲೆ ಮೇಲೆ ಕೈ ಹೊತ್ತ. 'ಮೇಡಂ, ನೀವೇ ಹೇಳಿದ್ರಿ ಕೂದಲೆಳೆ ಬಿರುಕಿಲ್ಲ ಅಂತ.' 'ಈಗ ಬಿರುಕೇ ಕಾರ್ಯಕ್ರಮ' ಅಂದೆ. ಬಾಗಿಲ ಪೋಸ್ಟರಿನ ಕೊನೆಯ ಎರಡು ಪದದ ಮೇಲೆ ಸಾಹುಕಾರನೇ ಬಿಳಿ ಕಾಗದ ಅಂಟಿಸಿದ. ಸೊಟ್ಟಗೆ ಅಂಟಿಸಿದ. ಬಂದವರೆಲ್ಲ ಅದನ್ನೇ ಉಗುರಿನಿಂದ ಕೆರೆದು ನೋಡಿದರು.

ಸಭಾಂಗಣ ತುಂಬಿತ್ತು. ಕತ್ತಲೆಯಾಯಿತು. ರೆಕಾರ್ಡಿನ ಹುಡುಗಿ ಶುರು ಮಾಡಿದಳು. ಪರದೆಯ ಹಿಂದೆ ನಿಂತು ಕೇಳಿದೆ, ನನ್ನ ಕಾಲು ನಿಲ್ಲುತ್ತಿರಲಿಲ್ಲ, ಟೀಚರು ನನ್ನ ಮುಂಗೈ ಹಿಡಿದಿದ್ದಳು, ಮಕ್ಕಳನ್ನು ರಸ್ತೆ ದಾಟಿಸುವ ಹಾಗೆ. ಮೊದಲ ಚರಣ ಮುಗಿಯಿತು. ರೆಕಾರ್ಡು ನಿಂತಿತು. ಏನೂ ಏರಲಿಲ್ಲ. ಸುಮ್ಮನೆ ನಿಶ್ಶಬ್ದ. ದೀಪ ಹತ್ತಿತು. ಯಂತ್ರ ಕೆಟ್ಟಿತು ಅಂದುಕೊಂಡು ಜನ ಕತ್ತು ತಿರುಗಿಸಿದರು. ನಾನು ಮೈಕಿನ ಹತ್ತಿರ ಹೋಗಿ ಹೇಳಿದೆ: 'ಈಗ ಕೇಳಿದ್ರಲ್ಲ, ಆ ಹುಡುಗಿ ಅಷ್ಟು ಮೇಲೆ ಹಾಡ್ತಿದ್ಲು. ನಂಗೆ ಅಷ್ಟು ಮೇಲೆ ಆಗಲ್ಲ. ಹದಿನೈದು ವರ್ಷದಿಂದ ಆಗಿಲ್ಲ. ನನ್ನ ತಮ್ಮ ನಂಗೇ ಗೊತ್ತಾಗದ ಹಾಗೆ ಮೂರು ಮನೆ ಇಳಿಸಿ ಕೊಡ್ತಿದ್ದ. ನಿಮಗೆಲ್ಲ ಅದೇ ಶ್ರುತಿ ಅಂತ ಹೇಳ್ಕೊಂಡು ತಿರುಗಿದೆ. ಅಲ್ಲ. ಇವತ್ತು ಇಳಿಸಿದ ಶ್ರುತೀಲೇ ಹಾಡ್ತೀನಿ, ಬೇಡ ಅನ್ನೋರು ಈಗಲೇ ಎದ್ದು ಹೋಗ್ಬಹುದು.'

ಯಾರೂ ಏಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಗಂಡಸು, 'ನಮಗೂ ಅಷ್ಟು ಮೇಲೆ ಆಗಲ್ಲ ಮೇಡಂ, ಇಷ್ಟು ವರ್ಷ ನಮ್ಮ ಗಂಟಲೇ ಕೆಟ್ಟಿದೆ ಅಂದ್ಕೊಂಡು ಮನೇಲಿ ಕ್ಯಾಸೆಟ್ ಜೊತೆ ಸುಮ್ನೆ ತುಟಿ ಆಡಿಸ್ತಿದ್ವಿ' ಅಂದ. ಸಭೆಯೆಲ್ಲ ನಕ್ಕಿತು. ಪಲ್ಲವಿಗೆ ಬರುವ ಹೊತ್ತಿಗೆ ಎಲ್ಲರೂ ಹಾಡುತ್ತಿದ್ದರು. ಬೊಕ್ಕತಲೆಯವರು, ಕನ್ನಡಕದವರು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದವರು. ಮೇಲಿನ ಜಾಗವನ್ನು ಆರಾಮವಾಗಿ ಮುಟ್ಟಿದರು. ಲಾಭ-ನಷ್ಟ ಕೇಳಿದರೆ ಲಾಭ ಅನ್ನಬೇಕು. ಇಷ್ಟು ವರ್ಷದಲ್ಲಿ ಆ ಹಾಡನ್ನು ಜನ ನನ್ನ ಜೊತೆ ಪೂರ್ತಿ ಹಾಡಿದ್ದು ಅದೇ ಮೊದಲು.

ಕಾರ್ಯಕ್ರಮ ಮುಗಿದ ಮೇಲೆ ಹಾರ ತುರಾಯಿ, ಕೈಕುಲುಕು ಎಲ್ಲ ಆಯಿತು. ರೇಡಿಯೋದವಳು 'ತಮ್ಮನಿಗೆ ಏನು ಹೇಳ್ತೀರಿ' ಅಂತ ಮೈಕು ಹಿಡಿದಳು. 'ಅವನಿಗೆ ಕಾಗದ ಬರೀತೀನಿ' ಅಂದೆ. ನೀನು ಅಲ್ಲಿ ರೇಡಿಯೋ ಮುಂದೆ ಕೂತು ಕೇಳಿದೆ ಅಂತ ನಿನ್ನ ಹೆಂಡತಿ ಹೇಳಿದಳು, ಊಟದ ತಟ್ಟೆ ಒಣಗಿಹೋಯಿತಂತೆ. ಮಾರನೆಯ ದಿನ ನಿನ್ನ ಸಂದೇಶ ಬಂತು: 'ಚೆನ್ನಾಗಿತ್ತು ಅಕ್ಕ.' ಮತ್ತೆ ಎರಡು ಪದಕ್ಕೆ ಬಂದು ನಿಂತೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಎಲ್ಲ ಸಲೀಸಾಗಿ ಮುಗಿದಿದೆ, ಆದರೂ ಊರಿಗೆ ಹೊರಟವಳು ಏನೋ ಮರೆತು ಬಂದ ಹಾಗೆ ಒಳಗೆ ಹೊರಗೆ ತಿರುಗುತ್ತಿದ್ದೇನೆ. ಟೀಚರು ನಿನ್ನೆ ಬಂದು, 'ಮೇಡಂ, ಇನ್ನು ಮುಂದೆ ನಿಮ್ಮ ಗಿಟಾರಿಗೆ ನೀವೇ ಶ್ರುತಿ ಕೂಡಿಸಿ' ಅಂತ ಕಲಿಸಲು ಕೂತಳು. ಅರವತ್ತಕ್ಕೆ ಅಕ್ಷರಾಭ್ಯಾಸ. ಎರಡು ತಂತಿ ಸರಿಯಾಯಿತು, ಮೂರನೆಯದು ಕಿತ್ತುಹೋಯಿತು. 'ನಾಳೆ ಮೂರನೆಯದರಿಂದ ಶುರು ಮಾಡೋಣ' ಅಂದಳು, ನನಗೆ ಹೋಮ್‌ವರ್ಕೂ ಕೊಟ್ಟಳು.

ನೀನು ಮಾಡಿದ್ದನ್ನು ಮಾಫಿ ಮಾಡಿದ್ದೇನೆ. ಆ ಜ್ವರದ ವರ್ಷವೇ ನಿಜ ಹೇಳಿದ್ದರೆ ನಾನು ಖಂಡಿತ ಬಿಟ್ಟುಬಿಡುತ್ತಿದ್ದೆ, ಅದು ನಿನಗೆ ಗೊತ್ತಿತ್ತು, ನನಗೂ ಈಗ ಗೊತ್ತು. ಹದಿನೈದು ವರ್ಷ ಹಾಡಿಸಿದ್ದೀಯ. ಅದನ್ನು ನಿನ್ನ ಹೆಸರಿಗೆ ಜಮಾ ಮಾಡಿದ್ದೇನೆ, ಅಳಿಸುವುದಿಲ್ಲ. ನೀನೂ ನಿನ್ನವಳೂ ನೂರು ವರ್ಷ ಜಗಳವಾಡಿಕೊಂಡು ಚೆನ್ನಾಗಿರಿ. ನೀನು ರಿಪೇರಿ ಮಾಡಿದ ವಾದ್ಯವೆಲ್ಲ ಒಳ್ಳೆಯವರ ಕೈಗೆ ಹೋಗಲಿ.

ನಿನ್ನ
ಅಕ್ಕ

ಮತ್ತೆ: ಇದನ್ನು ಬರೆಯುವುದು ಬೇಡ ಅಂತಲೇ ಇದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೇ.

ಕಾರ್ಯಕ್ರಮದಲ್ಲಿ ಹೊಸ ಹಾಡುಗಳೂ ಹಾಡಿದೆ, ಈ ಹದಿನೈದು ವರ್ಷದಲ್ಲಿ ಬರೆದವು. ಜನ ಅವನ್ನು ಹಳೆಯದು ಬರುವವರೆಗೆ ಕಾಯುವ ಹಾಗೆ ಕೇಳುತ್ತಾರೆ, ನನಗೆ ಗೊತ್ತು, ಮೊದಲಿಂದಲೂ ಗೊತ್ತು. ಹೊಸ ಹಾಡಿನ ಮೇಲಿನ ಜಾಗ ಬಂದಾಗ ಅಭ್ಯಾಸಬಲದಿಂದ ಎಡಕ್ಕೆ ತಿರುಗಿದೆ. ಟೀಚರು ತನ್ನ ಬೆರಳು ನೋಡಿಕೊಂಡು ನುಡಿಸುತ್ತಿದ್ದಳು. ನೀನಾಗಿದ್ದರೆ ಬೆರಳು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದೆ, ಉಸಿರು ಬಿಗಿಹಿಡಿದು, ಕಣ್ಣು ಇಷ್ಟು ದೊಡ್ಡದು ಮಾಡಿಕೊಂಡು. ಪ್ರತಿ ಹಾಡಿನಲ್ಲೂ. ಊರಿಗೆ ತಟ್ಟದಿದ್ದರೆ ಬೇಡ, ಇವನೊಬ್ಬನಿಗೆ ತಟ್ಟಿತಲ್ಲ ಅಂದುಕೊಂಡು ನಾನು ಮನೆಗೆ ಹೋಗಿ ಮುಂದಿನ ಹಾಡು ಬರೆಯುತ್ತಿದ್ದೆ. ನೀನು ನೋಡುತ್ತಿದ್ದುದು ನನ್ನ ಕತ್ತಿನ ನರವನ್ನು, ಎಲ್ಲಿ ಒಡೆಯುತ್ತೇನೋ ಅಂತ. ಅದು ಅಲ್ಲಿ ನಿಂತಾಗ ಅರ್ಥವಾಯಿತು.

ಅಷ್ಟು ಹಾಡಿನಲ್ಲಿ ಒಂದಾದರೂ ಹಾಡಾಗಿ ನಿನ್ನ ಕಿವಿಗೆ ಬಿತ್ತೇ? 'ಚೆನ್ನಾಗಿತ್ತು' ಬೇಡ. ಒಂದರ ಹೆಸರು ಬರೆ, ಸಾಕು. ಹೆಸರು ನೆನಪಾಗದಿದ್ದರೆ ಕಾಗದ ಬರೆಯಬೇಡ, ಬಂದುಬಿಡು. ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಹಾಡುತ್ತೇನೆ, ಎಲ್ಲಿ ಬೇಕಾದರೂ ಒಡೆಯಲಿ.